ತಫೀದಾಳ ಕೈಗುಣವೂ ಕೆಂಪು ದಾರದ ಹುಳುಗಳೂ

ನಮ್ಮ ಶರ್ಕಿಯ್ಯಾ ಜಿಲ್ಲೆಯವರ ಮೇಲೆ ಈಜಿಪ್ಟಿನ ಉಳಿದವರೆಲ್ಲ ಸೇರಿ ಕಟ್ಟಿರುವ ಒಂದು ತಮಾಷೆಯಿದೆ. ರಂಜಾನಿನ ಒಂದು ಸಂಜೆ ರೈಲು ಕೆಟ್ಟು ನಮ್ಮ ಕಡೆ ನಿಂತಿತಂತೆ. ಉಪವಾಸ ಬಿಡುವ ಹೊತ್ತು. ನಮ್ಮವರು ಹೋಗಿ ಪ್ರಯಾಣಿಕರು, ಟಿಕೆಟ್ ನೋಡುವವನು, ಡ್ರೈವರು ಎಲ್ಲರನ್ನೂ ಇಳಿಸಿಕೊಂಡು ರೈಲಿಗೆ ರೈಲನ್ನೇ ಊಟಕ್ಕೆ ಕೂರಿಸಿದರಂತೆ. 'ರೈಲನ್ನೇ ಊಟಕ್ಕೆ ಕರೆದವರು' ಎಂದು ಕೈರೋದವರು ಇವತ್ತಿಗೂ ನಗುತ್ತಾರೆ. ನಗಲಿ, ನಕ್ಕವರೂ ಒಂದಲ್ಲ ಒಂದು ದಿನ ನಮ್ಮ ಮನೆಯಲ್ಲಿ ಉಂಡು ಹೋದವರೇ. ಇಲ್ಲಿ ಯಾರನ್ನೂ 'ಊಟ ಮಾಡ್ತೀರಾ?' ಎಂದು ಕೇಳುವುದಿಲ್ಲ. ಹಾಗೆ ಕೇಳುವವನು ಜಿಪುಣ, ಬೇಡ ಅನ್ನಲಿ ಎಂದು ಕಾಯುವವನು. ತಟ್ಟೆ ತಂದು ಮುಂದಿಡಬೇಕು, ಅಷ್ಟೆ.

ಇಂಥ ತಮಾಷೆ ನಮ್ಮ ಹತ್ತಿರವೂ ಒಂದಿದೆ. ಅದನ್ನು ನಾವು ಸಮುದ್ರದ ಕಡೆಯ ದುಮ್ಯಾತ್ ಊರಿನವರ ತಲೆಗೆ ಕಟ್ಟುತ್ತೇವೆ. ಅಲ್ಲಿ ಸಂಜೆ ನೆಂಟ ಬಂದರೆ, 'ಊಟ ಮಾಡ್ತೀಯೋ, ಇಲ್ಲ ಹೊಟ್ಟೆ ಹಗುರ ಇಟ್ಕೊಂಡು ಮಲಗ್ತೀಯೋ?' ಎಂದು ಕೇಳುತ್ತಾರಂತೆ.

ತಫೀದಾ ನಮ್ಮ ಜಿಲ್ಲೆಯ ಅಪ್ಪಟ ಮಗಳು. ಅವಳ ಸೊಸೆ ಸಮಾಹ್ ದುಮ್ಯಾತಿನವಳು. ಒಬ್ಬಳು ಕೇಳದೆ ಬಡಿಸುವವಳು, ಇನ್ನೊಬ್ಬಳು ಕೇಳಿಸಿಕೊಂಡು ಬೆಳೆದವಳು. ಒಂದೇ ಸೂರಿನಡಿ ಇಬ್ಬರನ್ನೂ ಇಟ್ಟ ದೇವರಿಗೆ ಆವತ್ತು ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತದೆ.

ಕಫ್ರ್ ಗುಮ್ಮೈಜಾ ಎಂಬ ನಮ್ಮ ಕಾಲುವೆ ದಂಡೆಯ ಊರಿನಲ್ಲಿ ತಫೀದಾಳ ಕೈಗುಣಕ್ಕೆ ಸಾಟಿಯಿಲ್ಲ. ಬಾತುಕೋಳಿಯನ್ನು ಮೊಣಕಾಲುಗಳ ನಡುವೆ ಇರುಕಿ, ಎಡಗೈಯಲ್ಲಿ ಕೊಕ್ಕು ಬಿಡಿಸಿ, ನೆನೆಸಿದ ಮೆಕ್ಕೆಜೋಳವನ್ನು ಬಲಗೈ ಬೆರಳಿನಿಂದ ಒಳಗೆ ತುರುಕಿ, ಕತ್ತು ನೀವಿ ಇಳಿಸುವುದು ನಮ್ಮ ಹೆಂಗಸರಿಗೆಲ್ಲ ಬರುತ್ತದೆ. ಆದರೆ ತಫೀದಾ ತುಂಬಿಸಿದ ಬಾತುಕೋಳಿ ಹಬ್ಬ ಹತ್ತಿರ ಬರುವ ಹೊತ್ತಿಗೆ ನಡೆಯುವುದನ್ನೇ ಬಿಟ್ಟು, ಊರಿನ ಯಜಮಾನನ ಹಾಗೆ ಕೂತಲ್ಲೇ ಕೂತಿರುತ್ತದೆ. ಬಡಕಲು ಕರುವನ್ನು, ಕಾಯಿಲೆ ಬಿದ್ದೆದ್ದ ಮಗುವನ್ನು ಅವಳ ಅಂಗಳದಲ್ಲಿ ಬಿಟ್ಟುಹೋಗುವವರಿದ್ದರು. ತನ್ನ ಕೈ ಸೋಕಿದ ಯಾವುದೂ ಸಣಕಲಾಗಿ ಉಳಿದದ್ದಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳದ ದಿನ ಊರಿನವರೇ ಹೇಳುತ್ತಿದ್ದರು.

ಅವಳು ಹುಟ್ಟಿದ್ದು ಎಲ್ಲೆಲ್ಲೂ ಹತ್ತಿ ಬೆಳೆಯುತ್ತಿದ್ದ ಕಾಲದಲ್ಲಿ. ಬೇಸಿಗೆ ಬಂತೆಂದರೆ ಊರಿನ ಮಕ್ಕಳನ್ನೆಲ್ಲ ಸಾಲಾಗಿ ಹೊಲಕ್ಕೆ ಇಳಿಸುತ್ತಿದ್ದರು. ಒಂದೊಂದೇ ಎಲೆ ಮಗುಚಿ ನೋಡಬೇಕು. ಅಡಿಯಲ್ಲಿ ಹತ್ತಿ ಹುಳುವಿನ ಮೊಟ್ಟೆಯ ಗುಂಪು ಇದ್ದರೆ, ಅದರ ಮೇಲೆ ತಾಯಿ ಪತಂಗ ತನ್ನ ಹೊಟ್ಟೆಯ ರೋಮವನ್ನೇ ಹೊದಿಸಿರುತ್ತದೆ, ಆ ಎಲೆಯನ್ನು ಕಿತ್ತು ಚೀಲಕ್ಕೆ ಹಾಕಬೇಕು. ಹಿಂದೆ ಮೇಸ್ತ್ರಿ ಬೆತ್ತ ಹಿಡಿದು ಬರುತ್ತಿದ್ದ. ಕಣ್ತಪ್ಪಿದರೆ ಬೆನ್ನಿಗೆ ಬೀಳುತ್ತಿತ್ತು. ತಫೀದಾಳ ಬೆನ್ನಿಗೆ ಬಿದ್ದದ್ದು ಕಡಿಮೆ. ಆಗಿನಿಂದಲೇ ಅವಳ ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು.

ಮುಂದೆ ಕಾಲುವೆಯ ನೀರಿನ ಪಂಪು ನೋಡಿಕೊಳ್ಳುತ್ತಿದ್ದ ಗಾಬಿರ್‌ನನ್ನು ಮದುವೆಯಾದಳು. ಹಲವು ವರ್ಷ ಮಕ್ಕಳಾಗಲಿಲ್ಲ. ಅತ್ತೆ ಜನ್ನೂಬಾ ತಾಮ್ರದ ಸೌಟು ಹಿಡಿದು ನಿಂತಳು. ಬೆಳಗ್ಗೆ ತುಪ್ಪ, ಮಧ್ಯಾಹ್ನ ಹಸಿ ಗೋಧಿ ತುಂಬಿದ ಪಾರಿವಾಳ, ಸಂಜೆ ಮೆಂತ್ಯದ ಕಷಾಯ. 'ಮೈ ತುಂಬಿದರೆ ಮಡಿಲು ತಾನೇ ತುಂಬತ್ತೆ' ಎನ್ನುವುದು ಆಕೆಯ ಮಂತ್ರ. ಕೊನೆಗೆ ಗಂಡು ಮಗು ಹುಟ್ಟಿತು. ಕಷ್ಟ ಕಳೆಯಿತು ಎಂಬ ಅರ್ಥ ಬರುವಂತೆ ಫರಗ್ ಎಂದು ಹೆಸರಿಟ್ಟರು. ಊರೆಲ್ಲ ಸೌಟನ್ನು ಹೊಗಳಿತು. ಅತ್ತೆ ಸಾಯುವಾಗ ಸೌಟು ತಫೀದಾಳ ಕೈಗೆ ಬಂತು, ಮಂತ್ರವೂ ಅದರ ಜೊತೆಗೇ ಬಂತು. ಆ ವರ್ಷಗಳ ಬಗ್ಗೆ ಬೇರೆ ಏನನ್ನೂ ತಫೀದಾ ಯಾರ ಮುಂದೆಯೂ ಹೇಳುತ್ತಿರಲಿಲ್ಲ.

ಈಗ ಅವಳಿಗೆ ಕಾಲುವೆಯಾಚೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಊರಿನವರು ಅದನ್ನು ಹುಳುವಿನ ಮನೆ ಅನ್ನುತ್ತಾರೆ. ಹತ್ತಿ ಹುಳುವನ್ನು ಡಬ್ಬಿಗಳಲ್ಲಿ ಸಾಕಿ, ಅದನ್ನು ಹೊಲದಲ್ಲಿ ಹೇಗೆ ಮುಗಿಸುವುದು ಎಂದು ಅಲ್ಲಿ ಓದಿದವರು ತಲೆ ಕೆಡಿಸಿಕೊಳ್ಳುತ್ತಾರೆ. ದಂಡೆಯಲ್ಲಿ ಬೆಳೆಯುವ ಹರಳೆಲೆ ಕೊಯ್ದು, ತೊಳೆದು, ಒರೆಸಿ, ಹುಳುಗಳಿಗೆ ಹಾಕುವುದು ತಫೀದಾಳ ಪಾಲು.

"ಚಿಕ್ಕೋಳಿದ್ದಾಗ ಹುಳ ಕೊಲ್ಲೋಕೆ ಕೂಲಿ, ಈಗ ಹುಳ ಸಾಕೋಕೆ ಸಂಬಳ," ಎಂದು ಗಾಬಿರ್ ಚಹಾ ಹೀರುತ್ತಾ ಅನ್ನುತ್ತಿದ್ದ. "ಹುಳ ಇರೋವರೆಗೂ ನಿನ್ನ ರೊಟ್ಟಿಗೆ ಮೋಸ ಇಲ್ಲ ಕಣೇ."

"ನೀವು ಇರೋವರೆಗೂ ನನಗೆ ಹುಳಕ್ಕೆ ಮೋಸ ಇಲ್ಲ, ಅಬೂ ಫರಗ್," ಎನ್ನುತ್ತಿದ್ದಳು ಅವಳು, ಗಂಡನನ್ನು ವಾಡಿಕೆಯಂತೆ ಫರಗ್‌ನ ಅಪ್ಪ ಎಂದು ಕರೆಯುತ್ತಾ.

ಮನೆಯಲ್ಲಿ ನಗುವಿಗೆ ಬರವಿರಲಿಲ್ಲ. ಬರವಿದ್ದದ್ದು ಸಮಾಹ್‌ಳ ಮೈಗೆ. ಮೈಕ್ರೋಬಸ್ ಓಡಿಸುವ ಫರಗ್ ಅವಳನ್ನು ಮೆಚ್ಚಿ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಹುಡುಗಿ ಗುಣವಂತೆ, ಕೆಲಸದಲ್ಲಿ ಚುರುಕು, ಆದರೆ ಬಂದ ದಿನ ಎಷ್ಟು ತೆಳ್ಳಗಿದ್ದಳೋ ಈಗಲೂ ಅಷ್ಟೇ. ಮಗುವೂ ಆಗಿರಲಿಲ್ಲ. ಪಟ್ಟಣದ ಡಾಕ್ಟರು ಇಬ್ಬರನ್ನೂ ನೋಡಿ, ಯಾರಲ್ಲೂ ಏನೂ ದೋಷವಿಲ್ಲ, ಕಾಯಿರಿ ಎಂದಿದ್ದರು. ಕಾಯುವುದು ತಫೀದಾಳ ಜಾತಕದಲ್ಲೇ ಇರಲಿಲ್ಲ. ಜನ್ನೂಬಾಳ ಸೌಟು ಮತ್ತೆ ಒಲೆಯ ಬಳಿ ಬಂತು. ತುಪ್ಪ, ಪಾರಿವಾಳ, ಮೆಂತ್ಯ. ಸಮಾಹ್ ಮೊದಲು ಸುಮ್ಮನೆ ನುಂಗಿದಳು, ಆಮೇಲೆ ಅಳುತ್ತಾ ನುಂಗಿದಳು. ಬಕ್ರೀದಿನ ದೊಡ್ಡ ಹಬ್ಬ ಹತ್ತಿರವಾಗುತ್ತಿದ್ದ ಒಂದು ದಿನ ತಟ್ಟೆಯನ್ನು ಆಚೆಗೆ ತಳ್ಳಿದಳು.

"ನಮ್ಮಲ್ಲಿ ಕೇಳ್ತಾರೆ ಅತ್ತೆ. ನೀವೆಲ್ಲ ಅದಕ್ಕೆ ನಗ್ತೀರ. ಕೇಳಿದ್ರೆ ಬೇಕು, ಬೇಡ ಅನ್ನೋಕೆ ಒಂದು ಬಾಯಿ ಇರತ್ತೆ. ಇಲ್ಲಿ ನನ್ನ ಬಾಯಿ ಇರೋದು ಬರೀ ತುಂಬ್ಸೋಕೆ."

"ನಿನ್ನ ಒಳ್ಳೇದಕ್ಕೇ ಅಲ್ವೇನೇ ಹುಡುಗಿ?"

"ಅಂಗಳದಲ್ಲಿರೋ ಬಾತುಕೋಳಿಗಾದ್ರೂ ಹಬ್ಬದ ದಿನ ಬಿಡುಗಡೆ ಸಿಗತ್ತೆ. ನನಗೆ? ಹಬ್ಬ ಕಳೆಯೋದ್ರೊಳಗೆ ಈ ಸೌಟು ನಿಲ್ಲದಿದ್ರೆ ನಾನು ಅಪ್ಪನ ಮನೆಗೆ ಹೋಗ್ತೀನಿ. ಫರಗ್‌ಗೂ ಹೇಳಿದ್ದೀನಿ."

ಫರಗ್ ನೆಲ ನೋಡುತ್ತಾ ಕೂತಿದ್ದ. ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿಕೊಂಡ ಗಂಡಸಿಗೆ ನೆಲ ಬಹಳ ಚೆನ್ನಾಗಿ ಕಾಣಿಸುತ್ತದೆ.

ತಫೀದಾಳಿಗೆ ನಿಜಕ್ಕೂ ಭಯವಾಯಿತು. ಸೊಸೆಯೆಂದರೆ ಅವಳಿಗೆ ಪ್ರಾಣ. ಹೋಗಿಬಿಟ್ಟರೆ ಮಗನೂ ಅರ್ಧ ಹೋದಂತೆ, ಮನೆ ಪೂರ್ತಿ ಹೋದಂತೆ. ಆದರೆ ಭಯ ಬಿದ್ದ ತಫೀದಾ ಬೇರೆಯವರ ಹಾಗೆ ಯೋಚಿಸುವವಳಲ್ಲ. ಹಬ್ಬದವರೆಗೆ ಸಮಯವಿದೆ, ಅಷ್ಟರೊಳಗೆ ಹುಡುಗಿಯ ಮೈ ತುಂಬಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ತುಪ್ಪವನ್ನು ಇನ್ನಷ್ಟು ಹೆಚ್ಚಿಸಿದಳು.

ಇದೇ ಹೊತ್ತಿಗೆ ಹುಳುವಿನ ಮನೆಯಲ್ಲಿ ಡಾಕ್ಟರ್ ನಗ್ವಾನ್ ತನ್ನ ದೊಡ್ಡ ಪ್ರಯೋಗ ಶುರುಮಾಡಿದ್ದಳು. ಅವಳೂ ಒಂದು ಕಡ್ಡಿ. ಕನ್ನಡಕದ ಭಾರ ಇಲ್ಲದಿದ್ದರೆ ಗಾಳಿಗೆ ಹಾರಿಹೋಗುತ್ತಿದ್ದಳು ಎಂದು ತಫೀದಾ ಮನೆಯಲ್ಲಿ ಹೇಳುತ್ತಿದ್ದಳು. ನಗ್ವಾನ್ ಎಳೆಯ ಹುಳುಗಳನ್ನು ಎರಡು ಪಂಗಡ ಮಾಡಿ, ಕೂದಲೆಳೆಯಂಥ ಸೂಜಿಯಲ್ಲಿ ಒಂದು ಪಂಗಡಕ್ಕೆ ಬರೀ ನೀರು, ಇನ್ನೊಂದಕ್ಕೆ ತಾನು ತಯಾರಿಸಿದ ಹನಿ ಚುಚ್ಚಿದ್ದಳು. ನೀರಿನವಕ್ಕೆ ಬಿಳಿ ದಾರ ಕಟ್ಟಿದ ಡಬ್ಬಿ, ಹನಿಯವಕ್ಕೆ ಕೆಂಪು ದಾರದ ಡಬ್ಬಿ.

"ಖಾಲಾ, ಎರಡಕ್ಕೂ ಒಂದೇ ತೂಕದ ಎಲೆ," ಎಂದಳು ನಗ್ವಾನ್, ತಫೀದಾಳನ್ನು ಅವಳು ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. "ಒಂದು ಚೂರು ಹೆಚ್ಚಿಲ್ಲ, ಕಡಿಮೆ ಇಲ್ಲ."

"ಕೆಂಪು ದಾರದವಕ್ಕೆ ಏನು ಮಾಡಿದ್ದೀಯ ಡಾಕ್ಟ್ರಮ್ಮ?"

"ಅವುಗಳ ಮೈಯೊಳಗೆ ಒಂದು ಜೀನ್ ಇದೆ. ಅಪ್ಪ ಅಮ್ಮನಿಂದ ಬಂದಿರೋ ಒಂದು ಅಪ್ಪಣೆ ಅಂದ್ಕೊಳ್ಳಿ. ಅದು ಕೂಗದ ಹಾಗೆ ನನ್ನ ಹನಿ ಅದರ ಬಾಯಿ ಮುಚ್ಚತ್ತೆ."

"ಮುಚ್ಚಿದ್ರೆ?"

"ಸರಿಯಾಗಿ ಬೆಳಿಯಲ್ಲ ಅಂತ ನನ್ನ ಅಂದಾಜು. ಬೆಳೆದ್ರೂ ಮೊಟ್ಟೆ ಇಡಲ್ಲ. ಅದು ನಿಜವಾದ್ರೆ ಒಂದಲ್ಲ ಒಂದು ದಿನ ಹೊಲಕ್ಕೆ ವಿಷ ಹೊಡಿಯೋದೇ ಬೇಡ. ನನ್ನ ಮೂರು ವರ್ಷ ಈ ಡಬ್ಬಿಗಳಲ್ಲಿದೆ, ಖಾಲಾ."

ತಫೀದಾ ತಲೆಯಾಡಿಸಿದಳು. ಅವಳ ಕಿವಿಗೆ ಬಿದ್ದು ಒಳಗೆ ಇಳಿದದ್ದು ಒಂದೇ ಮಾತು: ಬೆಳಿಯಲ್ಲ. ತನ್ನ ಕೈಯಿಂದ ತಿಂದು, ಬೆಳೆಯುವುದಿಲ್ಲವೇ?

ಹಾಗೇ ಆಯಿತು. ಬಿಳಿ ದಾರದವು ದಿನದಿಂದ ದಿನಕ್ಕೆ ಉಬ್ಬಿ, ಹೊಳೆಯುತ್ತಾ, ಎಲೆಯನ್ನು ಕರಕರ ಕೆರೆಯುತ್ತಿದ್ದರೆ, ಕೆಂಪು ದಾರದವು ಬಾಡಿದ ಹುಣಿಸೆ ಚಿಗುರಿನ ಹಾಗೆ ಬಿದ್ದಿದ್ದವು. ಹಳ್ಳಿಯಲ್ಲಿ ಇಂಥದ್ದನ್ನು ನೋಡಿದರೆ ದೃಷ್ಟಿ ತಗುಲಿತು ಅನ್ನುತ್ತಾರೆ. ತಫೀದಾ ಅದನ್ನು ನಂಬಲಿಲ್ಲ, ಹುಳುವಿಗೆ ಯಾರು ದೃಷ್ಟಿ ಹಾಕುತ್ತಾರೆ? ಸೂಜಿ ಚುಚ್ಚಿದ್ದರಿಂದ ಪಾಪ ಹಸಿವು ಕೆಟ್ಟಿದೆ ಎಂದು ತೀರ್ಮಾನಿಸಿದಳು. ಹಸಿವು ಕೆಟ್ಟವರಿಗೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನದಿಂದ ಅವಳ ತಲೆವಸ್ತ್ರದ ಮಡಿಕೆಯಲ್ಲಿ ದಂಡೆಯ ಎಳೆಯ ಹರಳೆಲೆ ಬರತೊಡಗಿತು. ಎಲ್ಲಕ್ಕಿಂತ ಮೇಲಿನ ಚಿಗುರು, ಮಗುವಿನ ಕಿವಿಯಷ್ಟು ಮೃದು. ನಗ್ವಾನ್ ನಮಾಜಿಗೋ ಚಹಾಕ್ಕೋ ಎದ್ದಾಗ ಕೆಂಪು ಡಬ್ಬಿಗಳ ಮುಚ್ಚಳ ತೆರೆದು ಒಳಗಿಡುತ್ತಿದ್ದಳು. "ತಿನ್ನು ಕಂದಾ, ನಾಚ್ಕೋಬೇಡ. ಅವಳು ಚಿಕ್ಕ ಹುಡುಗಿ, ಅವಳಿಗೇನು ಗೊತ್ತು? ಬಿಸ್ಮಿಲ್ಲಾ ಅಂತ ಬಾಯಿ ಹಾಕು," ಎಂದು ಹುಳುಗಳಿಗೆ ಪಿಸುಗುಡುತ್ತಿದ್ದಳು. ಮನೆಗೆ ಬಂದು ಸಮಾಹ್‌ಳಿಗೂ ಇದೇ ರಾಗ, ಬಿಸ್ಮಿಲ್ಲಾ ಮಾತ್ರ ಇನ್ನೂ ಜೋರು.

ಅವಳನ್ನು ಹಿಡಿದುಕೊಟ್ಟದ್ದು ಹಿಕ್ಕೆ. ಹುಳು ತಿಂದದ್ದೆಷ್ಟು, ಹೊರಗೆ ಹಾಕಿದ್ದೆಷ್ಟು ಎಂದು ನಗ್ವಾನ್ ಎರಡನ್ನೂ ತೂಗುತ್ತಿದ್ದಳು. ಪುಟ್ಟ ತಕ್ಕಡಿಯ ಮುಂದೆ ಅವಳು ಬೆಳಗಿನಿಂದ ಹುಬ್ಬು ಗಂಟಿಕ್ಕಿ ಕೂತಿದ್ದಳು.

"ಖಾಲಾ, ಸ್ವಲ್ಪ ಬನ್ನಿ ಇಲ್ಲಿ. ತಕ್ಕಡಿ ಕೆಟ್ಟಿದೆ ಅಂತ ಬೇರೆ ತರಿಸಿದೆ. ಅದೂ ಇದನ್ನೇ ಹೇಳತ್ತೆ. ಕೆಂಪು ದಾರದ ಹುಳ, ಕೊಟ್ಟಿದ್ದ ಎಲೆಗಿಂತ ಹೆಚ್ಚು ಹಿಕ್ಕೆ ಹಾಕಿದೆ. ದೇವರು ಹುಟ್ಟಿಸಿರೋ ಯಾವ ಪ್ರಾಣಿಯಾದ್ರೂ ಒಳಗೆ ಹೋಗಿದ್ದಕ್ಕಿಂತ ಜಾಸ್ತಿ ಹೊರಗೆ ಹಾಕತ್ತಾ?"

"ನಮ್ಮೂರ ಮುಖಂಡರು ಮಾತಾಡೋದು ಹಾಗೇ," ಎಂದಳು ತಫೀದಾ. ನಗ್ವಾನ್ ನಗಲಿಲ್ಲ. ಆಗ ತಫೀದಾಳಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಮುಚ್ಚಿಡುವುದು ಅವಳಿಗೆ ಬಾರದು. "ಹೆಚ್ಚಿಗೆ ಎಲೆ ನಾನೇ ಹಾಕ್ದೆ ಮಗಳೇ. ದಂಡೆ ಚಿಗುರು. ಹಸ್ಕೊಂಡಿದ್ವು."

ನಗ್ವಾನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಯಾವಾಗಿನಿಂದ?"

"ಅವು ಬಾಡೋಕೆ ಶುರುವಾದಾಗಿನಿಂದ್ಲೇ."

"ಅಯ್ಯೋ ನನ್ನ ದೇವರೇ! ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಖಾಲಾ? ಒಂದೇ ಒಂದು ಮಾತು?"

"ಉಣ್ಣೋಕೆ ಕೊಡೋದಕ್ಕೆ ಯಾರಾದ್ರೂ ಕೇಳ್ತಾರಾ?" ಎಂದು ತಫೀದಾ ನಿಜವಾದ ಆಶ್ಚರ್ಯದಿಂದ ಕೇಳಿದಳು.

ನಗ್ವಾನ್ ಅತ್ತುಬಿಟ್ಟಳು. ಅವಳು ಅಳುವುದನ್ನು ಕಂಡು ತಫೀದಾಳೂ ಅತ್ತಳು. ಕೆಲಸ ಹೋಗುತ್ತದೆಂದಲ್ಲ, ಆ ಹುಡುಗಿಯ ಮೂರು ವರ್ಷಕ್ಕೆ ತನ್ನ ಕೈ ತಾಗಿತಲ್ಲ ಎಂದು. ಅಳುತ್ತಲೇ ಬುತ್ತಿ ಬಿಚ್ಚಿ, "ಒಂದು ತುತ್ತು ತಿನ್ನು, ಸುಧಾರಿಸ್ಕೋ," ಎಂದು ರೊಟ್ಟಿಯನ್ನು ಮುಂದಿಟ್ಟಳು. ನಗ್ವಾನ್ ರೊಟ್ಟಿಯನ್ನು ನೋಡಿದಳು, ತಫೀದಾಳನ್ನು ನೋಡಿದಳು, ಅಳುವಿನ ನಡುವೆಯೇ ಕೈಮುಗಿಯುವಂತೆ ಮಾಡಿ ನಕ್ಕಳು.

"ಸಾಕು ಖಾಲಾ, ಸಾಕು! ಕೇಳಿ. ನಾನು ಹೊಸ ಮೊಟ್ಟೆಯಿಂದ ಮತ್ತೆ ಶುರು ಮಾಡ್ತೀನಿ. ಆ ಡಬ್ಬಿಗಳಿಗೆ ನಾನು ಹೇಳಿದಷ್ಟೇ. ಈ ಹಳೇವು ನನಗೆ ಇನ್ನು ಲೆಕ್ಕಕ್ಕಿಲ್ಲ, ಫ್ರೀಜರಿಗೆ ಹಾಕಿ ಸಾಯ್ಸಬೇಕು."

"ಹಸಿದ ಜೀವಾನಾ? ಫ್ರೀಜರಿಗಾ?"

ನಗ್ವಾನ್‌ಗೂ ಹಟ ಬಂತು. "ಸರಿ ಹಾಗಾದ್ರೆ, ನೀವೇ ಇಟ್ಕೊಳ್ಳಿ. ನಿಮಗೆ ಎಷ್ಟು ಬೇಕೋ ಅಷ್ಟು ತಿನ್ಸಿ. ನಿಮ್ಮ ಕೈ ದೊಡ್ಡದೋ, ಆ ಜೀನ್ ದೊಡ್ಡದೋ, ನೋಡೇಬಿಡೋಣ."

ಆ ದಿನ ಕಾಲುವೆಯ ಸೇತುವೆ ದಾಟುತ್ತಾ ತಫೀದಾ ಮನಸ್ಸಿನಲ್ಲೇ ಒಂದು ಪಣ ಕಟ್ಟಿದಳು. ಈ ಹುಳುಗಳನ್ನು ತಾನು ತುಂಬಿಸಿ, ಅವು ಮೊಟ್ಟೆ ಇಟ್ಟರೆ, ಸಮಾಹ್‌ಳ ಮಡಿಲೂ ತುಂಬುತ್ತದೆ. ದೇವರು ಹುಳುವಿಗೆ ಕೊಟ್ಟು ಸೊಸೆಗೆ ಇಲ್ಲ ಅನ್ನುತ್ತಾನೆಯೇ? ಹಾಗಾದ ದಿನ ಸಮಾಹ್‌ಳಿಗೆ ಎಲ್ಲವನ್ನೂ ಹೇಳುವುದು, ಹುಡುಗಿ ಅಪ್ಪನ ಮನೆಯ ಮಾತು ಬಿಡುವಳು. ಇದನ್ನು ಅವಳು ಗಾಬಿರ್‌ಗೂ ಹೇಳಲಿಲ್ಲ. ಹೇಳಿದ್ದರೆ ಅವನು ಸಾಯುವವರೆಗೂ ಆಡಿಕೊಳ್ಳುತ್ತಿದ್ದ.

ಆಮೇಲೆ ಕೆಂಪು ದಾರದ ಹುಳುಗಳಿಗೆ ಅರಮನೆಯ ಉಪಚಾರ. ಬಿಸಿಲು ಏರುವ ಮುಂಚೆ ಕೊಯ್ದ ಎಲೆ, ಮತ್ತೆ ಮಧ್ಯಾಹ್ನ ಹೊಸ ಎಲೆ. ಬಾಡಿದ್ದನ್ನು ತಕ್ಷಣ ತೆಗೆಯುವುದು. ಹುಳುಗಳೂ ತಿಂದವು, ಸುಳ್ಳು ಹೇಳಬಾರದು. ತಿಂದು ತಿಂದು ರಾಶಿ ಹಿಕ್ಕೆ ಹಾಕಿದವು. ಒಂದಿಷ್ಟು ಮೈಯೂ ಬಂತು, ಆದರೆ ಬಿಳಿ ದಾರದವುಗಳ ಪಕ್ಕ ಇಟ್ಟರೆ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾಣುತ್ತಿದ್ದವು. ಬಿಳಿ ದಾರದವು ಕೋಶ ಕಟ್ಟಿ ಒಂದೆರಡು ದಿನಗಳಾದ ಮೇಲೆ ಇವು ನಿಧಾನಕ್ಕೆ ಕೋಶವಾದವು.

ಮನೆಯಲ್ಲಿ ದೊಡ್ಡ ಹಬ್ಬ ಬಂತು. ಬೆಳಗ್ಗೆಯೇ ಹುರಿದ ಲಿವರ್, ಮಧ್ಯಾಹ್ನ ಮಾಂಸದ ಸಾರಿನಲ್ಲಿ ನೆನೆಸಿದ ರೊಟ್ಟಿ ಮತ್ತು ಅನ್ನ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ತಫೀದಾ ಸಮಾಹ್‌ಳ ತಟ್ಟೆಯ ಮೇಲೆ ಗೋಪುರವನ್ನೇ ಕಟ್ಟಿದಳು. ಹೊಟ್ಟೆ ತುಂಬಿದ ಮೇಲೆ ಹುಗ್ಗಿಯೂ ಮುಳ್ಳು ಅನ್ನುತ್ತಾರೆ, ಆ ಹುಡುಗಿ ಮುಳ್ಳನ್ನೇ ನುಂಗಿದಳು. ಎದುರಾಡಲಿಲ್ಲ. ಹಬ್ಬದ ಕೊನೆಯ ದಿನ ಸಮಾಹ್ ತನ್ನ ಬಟ್ಟೆಗಳನ್ನು ಮಡಿಸಿ ಒಂದು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು.

"ಗುರುವಾರ ಮಧ್ಯಾಹ್ನ ಊಟ ಆದ್ಮೇಲೆ ಫರಗ್ ಸ್ಟೇಷನ್ನಿಗೆ ಬಿಡ್ತಾನೆ," ಎಂದಳು. ಅಷ್ಟೇ.

ಗುರುವಾರ ಬೆಳಗ್ಗೆ ತಫೀದಾ ಹುಳುವಿನ ಮನೆಗೆ ಓಡಿದಳು ಎಂದೇ ಹೇಳಬೇಕು. ಕೋಶಗಳಿಂದ ಪತಂಗಗಳು ಹೊರಬಂದು ಮೂರ್ನಾಲ್ಕು ದಿನವಾಗಿತ್ತು. ಗಾಜಿನ ಜಾಡಿಗಳಲ್ಲಿ ಸಕ್ಕರೆ ನೀರಿನಲ್ಲಿ ನೆನೆಸಿದ ಹತ್ತಿ, ಮೊಟ್ಟೆ ಇಡಲು ಕಣಗಿಲೆಯ ಎಲೆ. ಬಿಳಿ ದಾರದ ಹುಳುಗಳ ಜಾಡಿಯಲ್ಲಿ ಆಗಲೇ ಕಣಗಿಲೆಯ ತುಂಬ ಮೊಟ್ಟೆಯ ಗುಂಪುಗಳಿದ್ದವು, ಚಿಕ್ಕಂದಿನಲ್ಲಿ ಹೊಲದಲ್ಲಿ ಅವಳು ಕಿತ್ತದ್ದೇ, ಅದೇ ರೋಮದ ಹೊದಿಕೆ. ಕೆಂಪು ದಾರದ ಜಾಡಿ ಎತ್ತಿದಳು. ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಮೇಸ್ತ್ರಿಯ ಬೆತ್ತ ತಪ್ಪಿಸಿದ್ದ ಕಣ್ಣು ಅದು. ಎಲ್ಲೂ ಏನೂ ಇರಲಿಲ್ಲ.

"ಇನ್ನೊಂದು ದಿನ ಬೇಕೇನೋ," ಎಂದಳು, ಬಾಗಿಲಲ್ಲಿ ನಿಂತಿದ್ದ ನಗ್ವಾನ್ ಕಡೆ ತಿರುಗದೆ.

ನಗ್ವಾನ್‌ಗೆ ಗೆದ್ದ ಖುಷಿಯಿರಲಿಲ್ಲ. ಮೆಲ್ಲಗೆ ಬಂದು ಎರಡೂ ಜಾಡಿಗಳಿಂದ ಒಂದೊಂದು ಹೆಣ್ಣು ಪತಂಗ ತೆಗೆದು, ಔಷಧ ಮೂಸಿಸಿ, ನೀರಿನ ತಟ್ಟೆಯಲ್ಲಿ ಸಣ್ಣ ಕತ್ತರಿಯಿಂದ ಹೊಟ್ಟೆ ಬಿಡಿಸಿದಳು. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ತಫೀದಾಳನ್ನು ಕೂರಿಸಿದಳು.

ಮೊದಲನೆಯದರ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ದಾರಕ್ಕೆ ಪೋಣಿಸಿದ ಮಣಿಗಳಂತೆ ಮೊಟ್ಟೆಗಳು, ಸರದ ಮೇಲೆ ಸರ. ಎರಡನೆಯದರಲ್ಲಿ ಬರೀ ದಾರ. ಅಲ್ಲೊಂದು ಇಲ್ಲೊಂದು ಚುಕ್ಕೆ.

"ಇದಕ್ಕೆ ನಾನು ಎಲ್ಲಕ್ಕಿಂತ ಒಳ್ಳೆ ಎಲೆ ಹಾಕಿದ್ದೆ," ಎಂದಳು ತಫೀದಾ.

"ಗೊತ್ತು ಖಾಲಾ. ತಿಂದೂ ಇದೆ." ನಗ್ವಾನ್ ಪಕ್ಕದಲ್ಲಿ ಕೂತಳು. "ನಿಮ್ಮನೇಲಿ ರೊಟ್ಟಿ ಸುಡೋ ದಿನ ಹೇಗಿರತ್ತೆ ಹೇಳಿ. ಹಿಟ್ಟಿನ ಮೂಟೆ ಬರತ್ತೆ. ಬಂದ್ರೆ ಸಾಕಾ? ಒಲೆ ಮುಂದೆ ಒಬ್ಬಳು ಕೂತು ಕೂಗ್ಬೇಕು, 'ಹಿಟ್ಟು ಬಂತು, ನಾದ್ರೇ, ತಟ್ರೇ, ಒಲೆಗೆ ಹಾಕ್ರೇ' ಅಂತ. ಆ ಜೀನ್ ಅಂದ್ರೆ ಅವಳು. ಊಟ ಬಂತು ಅಂತ ಮೈಗೆ ಸುದ್ದಿ ಮುಟ್ಸೋಳು. ಚಿಕ್ಕಂದಿನಲ್ಲಿ 'ಮೈಗೆ ಹಾಕು' ಅಂತಾಳೆ, ದೊಡ್ಡೋರಾದ್ಮೇಲೆ 'ಮೊಟ್ಟೆಗೆ ಹಾಕು' ಅಂತಾಳೆ. ನಾನು ಅವಳ ಬಾಯಿ ಮುಚ್ಚಿದ್ದೀನಿ. ಈಗ ನೀವು ಮೂಟೆ ಮೇಲೆ ಮೂಟೆ ತಂದು ಸುರಿದ್ರೆ?"

"ಮನೆ ತುಂಬ ಹಿಟ್ಟು," ಎಂದಳು ತಫೀದಾ ನಿಧಾನವಾಗಿ. "ರೊಟ್ಟಿ ಇಲ್ಲ."

"ಅಷ್ಟೇ. ಅದು ಹುಳದ ತಪ್ಪೂ ಅಲ್ಲ, ನಿಮ್ಮ ಎಲೆ ತಪ್ಪೂ ಅಲ್ಲ."

ತಫೀದಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಮನುಷ್ಯರಲ್ಲೂ ಅವಳು ಇರ್ತಾಳಾ? ಕೂಗೋಳು?"

"ಮನುಷ್ಯರದು ಬೇರೆ ಕತೆ, ಬಹಳ ದೊಡ್ಡ ಕತೆ. ನನಗೆ ಗೊತ್ತಿರೋದು ಈ ಹುಳದ್ದು ಮಾತ್ರ. ಯಾಕೆ ಕೇಳಿದ್ರಿ?"

"ಸುಮ್ನೆ."

ಸುಮ್ಮನೆ ಅಲ್ಲ. ಅವಳಿಗೆ ಆ ಖಾಲಿ ದಾರ ನೋಡುತ್ತಾ ಜನ್ನೂಬಾಳ ಸೌಟು ನೆನಪಾಗಿತ್ತು, ಸೌಟಿನ ಈ ಬದಿಯಿಂದಲ್ಲ, ಆ ಬದಿಯಿಂದ. ತುಪ್ಪ ಕುಡಿದು, ಕೊಡ ಎತ್ತಿಕೊಂಡು ನೀರಿಗೆ ಹೋಗುವ ನೆಪದಲ್ಲಿ ಕಾಲುವೆ ದಂಡೆಯ ಹರಳು ಗಿಡಗಳ ಹಿಂದೆ ಕೂತು ಎಲ್ಲವನ್ನೂ ವಾಂತಿ ಮಾಡುತ್ತಿದ್ದ ಎಳೆಯ ಸೊಸೆ ತಫೀದಾ ನೆನಪಾದಳು. ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಾಲುವೆಯ ಮೀನುಗಳು ತಿಂದಿದ್ದವು. ಹಾಗಾದರೆ ಫರಗ್ ಹುಟ್ಟಿದ್ದು ಸೌಟಿನಿಂದಲ್ಲ. ಯಾವತ್ತೂ ಸೌಟಿನಿಂದ ಆಗಿರಲಿಲ್ಲ. ಇದು ಇಷ್ಟು ವರ್ಷ ತನಗೆ ಗೊತ್ತೇ ಇತ್ತು ಎಂದು ತಿಳಿದು ಅವಳಿಗೆ ತನ್ನ ಮೇಲೇ ರೇಗಿಹೋಯಿತು.

ಬಾಗಿಲ ಹತ್ತಿರ ಹೋದವಳು ತಿರುಗಿ, "ಹೊಸ ಡಬ್ಬಿಗೆ ಎಷ್ಟು ಎಲೆ ಹಾಕ್ಲಿ ಡಾಕ್ಟ್ರಮ್ಮ?" ಎಂದು ಕೇಳಿದಳು. ನಗ್ವಾನ್ ಎಷ್ಟೆಂದು ಹೇಳಿದಳು. ತಫೀದಾ ಅಷ್ಟನ್ನೇ ಹಾಕಿ, ಕೆಂಪು ದಾರದ ಕಡೆ ನೋಡದೆ ಮನೆಗೆ ಹೊರಟಳು.

ಮನೆಯಲ್ಲಿ ಊಟದ ಗಿಡ್ಡ ಮಣೆಯ ಸುತ್ತ ಎಲ್ಲರೂ ಕೂತಿದ್ದರು. ಗಾಬಿರ್‌ನ ತಟ್ಟೆಗೆ ಬಡಿಸಿದಳು. ಫರಗ್‌ನ ತಟ್ಟೆಗೆ ಬಡಿಸಿದಳು, ಅವನು ಎಂದಿನಂತೆ ನೆಲ ನೋಡುತ್ತಿದ್ದ. ಸಮಾಹ್ ಹೊರಡುವ ಉಡುಪಿನಲ್ಲೇ ಕೂತು, ತನ್ನ ತಟ್ಟೆಯ ಎರಡೂ ಅಂಚು ಹಿಡಿದು ಕಾಯುತ್ತಿದ್ದಳು. ತಾಮ್ರದ ಸೌಟು ಮುಲೂಖಿಯ್ಯಾ ಸೊಪ್ಪಿನ ಸಾರಿನಿಂದ ಮೇಲೆ ಬಂತು, ಅವಳ ತಟ್ಟೆಯ ಮೇಲೆ ಬಂದು ನಿಂತಿತು.

"ಸಮಾಹ್," ಎಂದಳು ತಫೀದಾ. "ಊಟ ಮಾಡ್ತೀಯಾ?"

ಗಾಬಿರ್‌ನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. "ಫರಗ್, ಕಿಟಕಿ ಮುಚ್ಚೋ! ಯಾರಾದ್ರೂ ಕೇಳಿಸ್ಕೊಂಡಾರು. ನಿಮ್ಮಮ್ಮ ದುಮ್ಯಾತಿನೋಳಾಗ್ಬಿಟ್ಲು!"

"ಬಾಯಿ ಮುಚ್ಕೊಂಡು ಉಣ್ಣಿ ಅಬೂ ಫರಗ್. ನಾನು ಇವಳನ್ನ ಕೇಳ್ತಿದ್ದೀನಿ."

ಸಮಾಹ್ ಸೌಟನ್ನು ನೋಡಿದಳು. ಅತ್ತೆಯ ಮುಖ ನೋಡಿದಳು, ಇದರಲ್ಲಿ ಏನಾದರೂ ಕುಹಕವಿದೆಯೇ ಎಂದು ಹುಡುಕುವವಳಂತೆ. ಆಮೇಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಬೇಡ ಅತ್ತೆ."

ಒಂದು ಹನಿ ಸಾರು ಮಣೆಯ ಮೇಲೆ ಬಿತ್ತು. ತಫೀದಾಳ ಕೈಗೆ ಅಷ್ಟು ಕಷ್ಟದ ಕೆಲಸ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಸೌಟನ್ನು ಪಾತ್ರೆಗೆ ಹಿಂದಕ್ಕೆ ಬಿಟ್ಟು, "ಸರಿ ಮಗಳೇ," ಎಂದಳು.

ಗಂಡಸರು ಉಂಡು ಮುಗಿಸಿದರು. ಫರಗ್ ಬಸ್ಸಿನ ಕೀಲಿಯನ್ನು ಕೈಯಿಂದ ಕೈಗೆ ಹಾಕುತ್ತಾ ಎದ್ದು ನಿಂತ, ಸಮಾಹ್ ಏಳಲಿಲ್ಲ. ಅವನು ಹೊರಗೆ ಹೋಗಿ ಒಂದು ಸಲ ಹಾರನ್ ಹೊಡೆದ. ಅವಳು ತನ್ನ ಖಾಲಿ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು, ಅಷ್ಟು ಸ್ವಚ್ಛವಾದ ತಟ್ಟೆಯನ್ನು ಆ ಮನೆಯಲ್ಲಿ ಮೊದಲ ಸಲ ಕಂಡವಳ ಹಾಗೆ. ಆಮೇಲೆ ಎದ್ದು, ಗಂಟಿನ ಕಡೆ ಹೋಗದೆ, ಒಲೆಯ ಹತ್ತಿರ ಬಂದಳು. ತಫೀದಾ ಅಲ್ಲಿ ಬೆನ್ನು ತಿರುಗಿಸಿ, ಕಣ್ಣು ಒರೆಸಿಕೊಳ್ಳುತ್ತಾ, ಒಲೆಯ ಹೊಗೆಗೆ ಬಯ್ಯುತ್ತಾ ಕೂತಿದ್ದಳು. ಒಲೆ ಆರಿ ಬಹಳ ಹೊತ್ತಾಗಿತ್ತು.

ಸಮಾಹ್ ಅವಳ ಕೈಯಿಂದ ಸೌಟು ತೆಗೆದುಕೊಂಡಳು.

"ನೀವು ಏನೂ ತಿಂದಿಲ್ಲ ಅತ್ತೆ. ಹಸಿವಿದೆಯಾ?"

ತಫೀದಾ ಒಂದು ಗಳಿಗೆ ಯೋಚಿಸಬೇಕಾಯಿತು. ಹುಟ್ಟಿದಾಗಿನಿಂದ ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ.